ಕೋಠಿಯಲ್ಲಿ ಇಬ್ಬರ ತಿಂಡಿಯಾತ್ರೆ

ಹೈದರಾಬಾದಿನ ಕೋಠಿಯಲ್ಲಿ ತಿಂಡಿ ಹುಡುಕಿ ಅಲೆಯಲು ಇಬ್ಬರು ಗೆಳೆಯರೇ ಸರಿಯಾದ ಲೆಕ್ಕ. ಒಬ್ಬನಾದರೆ ಹೊಟ್ಟೆ ಬೇಗ ಸೋಲುತ್ತದೆ, ಮೂವರಾದರೆ ಪ್ಲೇಟಿಗೆ ಜಗಳ. ಶುರು ಗೋಕುಲ್ ಚಾಟ್ ಮುಂದೆ, ಅದೂ ನಿಂತೇ. ಇಬ್ಬರಲ್ಲಿ ಕಲಬುರಗಿಯವನು ಖಾರ ಸಾಲದು ಅನ್ನುತ್ತಾನೆ. ಮೈಸೂರಿನವನು ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಪಾನಿಪೂರಿಗೆ ಕೈ ಚಾಚುತ್ತಾನೆ.

ಮುಂದೆ 1935ರ ಮೊಅಜ್ಜಂ ಜಾಹಿ ಮಾರುಕಟ್ಟೆ. ಅಲ್ಲಿ ಐಸ್‌ಕ್ರೀಂ, ಪಕ್ಕದಲ್ಲೇ ಕರಾಚಿ ಬೇಕರಿ. ಇರಾನಿ ಚಹಾದ ಜೊತೆಗೆ ಉಸ್ಮಾನಿಯಾ ಬಿಸ್ಕತ್ತು ಬೇಕೇ ಬೇಕು. ಅದ್ದುವುದರಲ್ಲಿ ಮಾತ್ರ ಹುಷಾರು: ಮಾತಿನ ಭರದಲ್ಲಿ ಒಂದು ಕ್ಷಣ ಹೆಚ್ಚಾದರೆ ಅರ್ಧ ಬಿಸ್ಕತ್ತು ಕಪ್ಪಿನ ತಳ ಸೇರುತ್ತದೆ, ಚಮಚ ಕೇಳಲು ಮರ್ಯಾದೆ ಅಡ್ಡ ಬರುತ್ತದೆ.

ರಂಜಾನಿನಲ್ಲಿ ಹಲೀಮ್ ಸರದಿ. ಗೋಧಿ, ಬೇಳೆ, ಮಾಂಸವನ್ನು ತಾಸುಗಟ್ಟಲೆ ಬೇಯಿಸಿ ಕುಟ್ಟಿದ ಈ ಖಾದ್ಯಕ್ಕೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಸಸ್ಯಾಹಾರಿ ಗೆಳೆಯ ಆಗ ಖುಬಾನಿ ಕಾ ಮೀಠಾದಲ್ಲಿ ಸಮಾಧಾನ ಕಾಣುತ್ತಾನೆ. ಬಿಲ್ಲು ಮಾತ್ರ ಸಮಪಾಲು.

ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಶ್. 1938ರಲ್ಲಿ ಆರಂಭವಾದ ಈ ವಸ್ತುಪ್ರದರ್ಶನಕ್ಕೆ ವಸ್ತು ನೋಡಲೆಂದೇ ಬಂದವರೂ ಕೊನೆಗೆ ಸಿಗುವುದು ಮಿರ್ಚಿ ಭಜ್ಜಿ ಅಂಗಡಿಯಲ್ಲೇ. ಕೋಠಿಗೆ ಹೋಗುವವರು ಸುಲ್ತಾನ್ ಬಜಾರ್ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ, ಮನೆಯಲ್ಲಿ ಊಟ ಮಾಡದೆ ಹೊರಡಿ.