ಬೆಂಗಳೂರು–ಮಂಗಳೂರು ವೈಮಾನಿಕ ಅಂತರ: ಒಂದು ತಾತ್ವಿಕ ಅನುಸಂಧಾನ

1. ಪೀಠಿಕೆ

ಪ್ರಸ್ತುತ ಪ್ರಬಂಧವು ಬೆಂಗಳೂರು ಮತ್ತು ಮಂಗಳೂರು ಎಂಬ ನಗರದ್ವಯದ ನಡುವಣ ಅಂತರವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವ ವಿನಮ್ರ ಯತ್ನ. ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಗೋಳವೆಂದು ಅಂಗೀಕರಿಸಿ, ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಮಹಾವೃತ್ತ ಸೂತ್ರಕ್ಕೆ ಉಣಿಸಿದರೆ ಸುಮಾರು 306 ಕಿ.ಮೀ. ಲಭ್ಯ. ಗಂಟೆಗೆ 800 ಕಿ.ಮೀ. ಎಂಬ ಆದರ್ಶ ವೇಗದಿಂದ ಭಾಗಿಸಲಾಗಿ, 23 ನಿಮಿಷ. ಪ್ರಬಂಧ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ವಿಚಾರ ಸಂಕಿರಣದ ಪ್ರಮಾಣಪತ್ರ ಸಿಗಬೇಕಾದರೆ ಮೂರು ಅಧ್ಯಾಯವಾದರೂ ಇರಬೇಕು.

2. ಪರಿಕಲ್ಪನಾತ್ಮಕ ವರ್ಗೀಕರಣ

ಪ್ರಯಾಣಕಾಲವು ಪಂಚವಿಧ.

(ಅ) ಶುದ್ಧ ಗಗನಕಾಲ: ಮೇಲ್ಕಂಡ 23 ನಿಮಿಷ. ವಿಮಾನ ಏರಬೇಕು, ಇಳಿಯಬೇಕು ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಟಿಕೆಟ್ಟಿಗೆ ಗೊತ್ತು, ಅದು ಒಂದು ಗಂಟೆ ಎನ್ನುತ್ತದೆ.

(ಆ) ಪೂರ್ವಗಗನಕಾಲ: 2008ರಲ್ಲಿ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದ ಮೇಲೆ ಆರಂಭವಾದ ಯುಗ. ಬನಶಂಕರಿಯ ಪ್ರಯಾಣಿಕರು ಹೆಬ್ಬಾಳ ಮೇಲ್ಸೇತುವೆಯಲ್ಲಿ, ವಾಯುವಜ್ರ ಬಸ್ಸಿನ ಕಿಟಕಿಯಿಂದ ಅದೇ ನೀರಿನ ಟ್ಯಾಂಕರನ್ನು ನೋಡುತ್ತ ಕೂರುವ ಅವಧಿ.

(ಇ) ಅನಾವರಣಕಾಲ: ಬೆಲ್ಟು, ಪರ್ಸು, ಫೋನು ಟ್ರೇ ಸೇರುವ ಹಂತ. ಮಂಗಳೂರಿನಿಂದ ಮರಳುವಾಗ ಕೈಚೀಲದಲ್ಲಿ ಮಿಡಿ ಉಪ್ಪಿನಕಾಯಿ ಬಾಟಲಿ ಇದ್ದರೆ ಅದರ ಯಾತ್ರೆ ಇಲ್ಲಿಗೆ ಸಮಾಪ್ತಿ.

(ಈ) ಪ್ರತ್ಯಾಗಮನಕಾಲ: ಮಂಗಳೂರಿನ ಕೆಂಜಾರು ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ. ಮಳೆಗಾಲದಲ್ಲಿ ಮೋಡ ಕವಿದು ಏನೂ ಕಾಣದಿದ್ದರೆ ವಿಮಾನ ಬೆಂಗಳೂರಿಗೇ ವಾಪಸ್ಸು ಬರುವುದುಂಟು. ಆಗ ಕ್ರಮಿಸಿದ ಅಂತರ ಸೊನ್ನೆ, ಕಾಲ ಎರಡು ಗಂಟೆ. ಗಣಿತಜ್ಞರು ಗಮನಿಸಬೇಕು.

(ಉ) ಐದನೆಯದೊಂದಿತ್ತು. ಇರಲಿ ಬಿಡಿ.

3. ಫಲಿತಗಳು

ಹೆಚ್ಚಿನವರು ವಿಮಾನ ಹತ್ತುವುದೇ ಇಲ್ಲ. ಅವರ ಅಂತರ ಸುಮಾರು 350 ಕಿ.ಮೀ., ಶಿರಾಡಿ ಘಾಟಿಯ ಮೇಲೆ, ರಾತ್ರಿ ಬಸ್ಸಿನಲ್ಲಿ, ಬುಲೆಟ್ ಟ್ಯಾಂಕರುಗಳ ಹಿಂದೆ. ದೋಣಿಗಾಲ್ ಬಳಿ ಗುಡ್ಡ ಜರಿದರೆ ಚಾರ್ಮಾಡಿ ಸುತ್ತಬೇಕು. ರೈಲಿಗೆ ಹೋದರೆ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗ. ಇಂಥ ದಾರಿಯನ್ನೇ ಕೊರೆದವರಿಗೆ ರಸ್ತೆಯ ಪಕ್ಕದ ಗುಡ್ಡವನ್ನು ಹಿಡಿದು ನಿಲ್ಲಿಸಲು ಬಾರದೆ?

2020ರ ಫೆಬ್ರವರಿಯಲ್ಲಿ ನಲವತ್ತು ದಿನದ ಕೂಸೊಂದನ್ನು ಹೃದಯದ ಚಿಕಿತ್ಸೆಗೆಂದು ಮಂಗಳೂರಿನಿಂದ ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಕರೆತಂದರು. ಪೊಲೀಸರು ಝೀರೋ ಟ್ರಾಫಿಕ್ ಮಾಡಿಕೊಟ್ಟರು, ಜನ ತಾವಾಗಿ ಬಂದು ರಸ್ತೆ ಬದಿಯಲ್ಲಿ ನಿಂತು ದಾರಿ ಬಿಡಿಸಿದರು. ನಾಲ್ಕೂವರೆ ಗಂಟೆಯೊಳಗೆ ಕೂಸು ಆಸ್ಪತ್ರೆ ತಲುಪಿತು. ಇಡೀ ನಾಡು ಚಪ್ಪಾಳೆ ತಟ್ಟಿತು. ಸರಿ, ಮಾರನೆಯ ದಿನ ಹೊರಟ ರೋಗಿಯ ಗತಿ? ಅವರಿಗಾಗಿ ಯಾರೂ ರಸ್ತೆಗೆ ಬರಲಿಲ್ಲ, ಬರಬೇಕಾಗಿಯೂ ಇರಬಾರದು. ಜೀವ ಉಳಿಯುವುದಕ್ಕೆ ಊರಿಗೆ ಊರೇ ಬಂದು ನಿಲ್ಲಬೇಕಾದ ಹೆದ್ದಾರಿಯನ್ನು ಇಟ್ಟುಕೊಂಡು, ವಿಮಾನದಲ್ಲಿ ಬಂದಿಳಿದವರು ವೇದಿಕೆಯಲ್ಲಿ 'ಸಂಪರ್ಕ ಕ್ರಾಂತಿ'ಯ ಭಾಷಣ ಬಿಗಿಯುತ್ತಾರೆ. ಕೇಳುವವರಿಗಾದರೂ ಸಿಟ್ಟು ಬರಬೇಡವೆ?

ಈ ನಿಟ್ಟಿನಲ್ಲಿ ಹೆಚ್ಚಿನ ಅಧ್ಯಯನ ಆಗಬೇಕಿದೆ ಎಂದು ಬರೆದು ಮುಗಿಸುವುದು ಪದ್ಧತಿ. ಆಗಬೇಕಿಲ್ಲ. ರಸ್ತೆ ಆಗಬೇಕಿದೆ.