ಷೋಡಶಕೋಷ್ಠಕ ಮೀಮಾಂಸೆ: ಹದಿನಾರು ಚೌಕಗಳ ತಾತ್ವಿಕ ನೆಲೆಗಳು

೧. ಪೀಠಿಕೆ

ಪ್ರಸ್ತುತ ಪ್ರಬಂಧವು ಸಂಗೀತ ತಂತ್ರಾಂಶಗಳಲ್ಲಿ ಅಂತರ್ಗತವಾಗಿರುವ ಸ್ಟೆಪ್ ಸೀಕ್ವೆನ್ಸರ್ ಎಂಬ ಸಾಧನವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಕ್ಕೆ ಒಳಪಡಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. 'ವಿನಮ್ರ' ಎಂಬ ಪದವನ್ನು ವಿದ್ವತ್ ವಲಯದ ರೂಢಿಯಂತೆ, ಅಂದರೆ ಅದರ ವಿರುದ್ಧಾರ್ಥದಲ್ಲಿ, ಬಳಸಲಾಗಿದೆ. ಇದಕ್ಕೆ ಪ್ರೇರಣೆ ಎರಡು ದಿನಗಳ ಒಂದು ವಿಚಾರ ಸಂಕಿರಣ. ಪಿಂಗಳನ ಛಂದಶ್ಶಾಸ್ತ್ರದಲ್ಲೇ ಸೀಕ್ವೆನ್ಸರ್ ಇತ್ತೆಂದು ವಿದ್ವಾಂಸರೊಬ್ಬರು ಅಲ್ಲಿ ಮುಕ್ಕಾಲು ಗಂಟೆ ಸಾಧಿಸಿದರು. ಅವರ ಬಾಯಲ್ಲಿ 'ನೆಲೆ' ಎಂಬ ಪದ ಎಷ್ಟು ಸಲ ಬಂತೆಂದು ಎಣಿಸುತ್ತಾ ಕೂತಿದ್ದ ನನಗೆ ನಲವತ್ತರ ಆಚೆ ಲೆಕ್ಕ ತಪ್ಪಿತು. ಅಷ್ಟರಲ್ಲಿ ಹೊರಗೆ ಉಪ್ಪಿಟ್ಟು ಆರಿಹೋಗಿತ್ತು.

೨. ಪರಿಭಾಷೆ

ಪರದೆಯ ಮೇಲೆ ಒಂದು ಸಾಲು. ಸಾಲಿನಲ್ಲಿ ಹದಿನಾರು ಚೌಕ. ಒತ್ತಿದ ಚೌಕ ಸದ್ದು ಮಾಡುತ್ತದೆ, ಒತ್ತದ್ದು ಸುಮ್ಮನಿರುತ್ತದೆ. ಕಿಕ್‌ಗೆ ಒಂದು ಸಾಲು, ಸ್ನೇರ್‌ಗೆ ಒಂದು, ಹೈ-ಹ್ಯಾಟ್‌ಗೆ ಒಂದು. ಕೊನೆಯ ಚೌಕ ಮುಗಿದೊಡನೆ ಮೊದಲನೆಯದಕ್ಕೆ ಮರಳುತ್ತದೆ. ಇಷ್ಟೇ. ಆದರೆ ಇಷ್ಟೇ ಎಂದು ಒಪ್ಪಿಕೊಂಡರೆ ಪ್ರಬಂಧ ಬೆಳೆಯುವುದಿಲ್ಲವಾದ್ದರಿಂದ, ಈ ಸಾಧನವನ್ನು ಇನ್ನು ಮುಂದೆ 'ಷೋಡಶಕೋಷ್ಠಕ' ಎಂದೂ, ಮೌಸ್ ಒತ್ತುವಿಕೆಯನ್ನು 'ಮೂಷಕಾಘಾತ' ಎಂದೂ, ಕಾಪಿ-ಪೇಸ್ಟ್ ಅನ್ನು 'ಪುನರ್ಲೇಪನ' ಎಂದೂ ಕರೆಯಲಾಗುವುದು.

೩. ಐತಿಹಾಸಿಕ ನೆಲೆ

1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಹೊರತಂದ ಟಿಆರ್-808 ಎಂಬ ಡ್ರಮ್ ಯಂತ್ರದ ಮುಂಭಾಗದಲ್ಲಿ ಹದಿನಾರು ಗುಂಡಿಗಳಿದ್ದವು: ಕೆಂಪು, ಕಿತ್ತಳೆ, ಹಳದಿ, ಬಿಳಿ, ಬಣ್ಣಕ್ಕೆ ನಾಲ್ಕರಂತೆ. 1990ರ ದಶಕದ ಕೊನೆಗೆ ಬೆಲ್ಜಿಯಂನಿಂದ ಬಂದ ಫ್ರೂಟಿಲೂಪ್ಸ್, ಅಂದರೆ ಇಂದಿನ ಎಫ್‌ಎಲ್ ಸ್ಟುಡಿಯೊ, ಅಂಥ ಸಾಲನ್ನೇ ಕಂಪ್ಯೂಟರಿನ ಪರದೆಗೆ ಹತ್ತಿಸಿತು. ಹಾಡು ಕಟ್ಟುವ ನನ್ನ ಸೋದರಳಿಯ ಕೂತಿರುವುದು ಅದರ ಮುಂದೆಯೇ.

"ಹದಿನಾರೇ ಯಾಕೋ?" ಎಂದು ಕ್ಷೇತ್ರಕಾರ್ಯದ ಅಂಗವಾಗಿ ಅವನನ್ನು ಪ್ರಶ್ನಿಸಲಾಯಿತು.

"ಓಪನ್ ಮಾಡಿದ್ರೆ ಹಾಗೇ ಬರುತ್ತೆ ಮಾಮ."

ಈ ಮಹಾವಾಕ್ಯವನ್ನು ಆಧರಿಸಿದ ದರ್ಶನವನ್ನು 'ಯಥಾಪ್ರಾಪ್ತವಾದ' ಎಂದು ಹೆಸರಿಸಬಹುದು. ಇದರ ಅನುಯಾಯಿಗಳ ಸಂಖ್ಯೆ ಅದ್ವೈತ, ದ್ವೈತ, ವಿಶಿಷ್ಟಾದ್ವೈತಗಳನ್ನು ಒಟ್ಟು ಸೇರಿಸಿದರೂ ಮೀರುತ್ತದೆ.

೪. ಪಿಂಗಳ ಪ್ರಸಂಗ

ವಿದ್ವಾಂಸರ ಮಾತಿನಲ್ಲಿ ಕಾಲುಪಾಲು ನಿಜವಿದೆ. ಹದಿನಾರು ಅಕ್ಷರಗಳ ಪಾದದಲ್ಲಿ ಲಘು-ಗುರುಗಳನ್ನು ಎಷ್ಟು ಬಗೆಯಲ್ಲಿ ಹೊಂದಿಸಬಹುದು ಎಂದು ಪ್ರಸ್ತಾರ ಹಾಕಿದರೆ 65,536 ಬರುತ್ತದೆ. ಹದಿನಾರು ಚೌಕದ ಒಂದು ಸಾಲನ್ನು ಒತ್ತುವ, ಬಿಡುವ ಬಗೆಗಳೂ ಅಷ್ಟೇ. ಆದರೆ ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು, ಎರಡೂ ನುಡಿಯುತ್ತವೆ. ಖಾಲಿ ಚೌಕ ನುಡಿಯುವುದಿಲ್ಲ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಎರಡು ಅಂಕ ಗಿಟ್ಟಿಸಿದ ಹುಡುಗಿಗೂ ತಿಳಿಯುವ ಈ ವ್ಯತ್ಯಾಸ ವೇದಿಕೆಯ ಮೇಲಿದ್ದ ಯಾರಿಗೂ ಹೊಳೆಯಲಿಲ್ಲ. ಎಲ್ಲವನ್ನೂ ಪೂರ್ವಜರ ತಲೆಗೆ ಕಟ್ಟಿದರೆ ಕೇಳುವ ಕೆಲಸ ತಪ್ಪುತ್ತದೆ.

೫. ಬಳಕೆದಾರರ ಪಂಚವಿಧ ವರ್ಗೀಕರಣ

(ಅ) ಚತುಷ್ಪಾದಿ: ಕಿಕ್ ಸಾಲಿನಲ್ಲಿ ಒಂದು, ಐದು, ಒಂಬತ್ತು, ಹದಿಮೂರನೆಯ ಚೌಕ ಒತ್ತಿ ಎದ್ದುಹೋಗುವವನು. ಮೂರು ಸಾಲಿದ್ದರೆ ಸಾಧ್ಯತೆಗಳು 281 ಲಕ್ಷ ಕೋಟಿ ದಾಟುತ್ತವೆ. ಇವನಿಗೆ ಒಂದು ಸಾಕು. ಗಣಪತಿ ಬಿಡುವ ದಿನ ನಿಮ್ಮ ಕಿಟಕಿ ಗಾಜು ನಡುಗಿಸಿದ್ದು ಅದೇ.

(ಆ) ಪುನರ್ಲೇಪಕ: ಹೋದ ವರ್ಷದ ಭಕ್ತಿಗೀತೆಯ ಪ್ಯಾಟರ್ನನ್ನು ಈ ವರ್ಷದ ಐಟಂ ಸಾಂಗಿಗೆ ಅಂಟಿಸುವವನು. ದೇವರು ತಕರಾರು ಮಾಡಿದ್ದು ದಾಖಲಾಗಿಲ್ಲ.

(ಇ) ಸರ್ವಪೂರಕ: ಖಾಲಿ ಚೌಕ ಕಂಡರೆ ಖಾಲಿ ಸೈಟು ಕಂಡಂತೆ ಆಡುವವನು.

(ಈ) ಮತ್ತು (ಉ)... ಬಿಡಿ. ಸಂಜೆಯೊಳಗೆ ಹಾಡು ಕೊಡಬೇಕಾದವರು, ಅಷ್ಟೇ. ನನ್ನ ಅಳಿಯನೂ ಅವರಲ್ಲೊಬ್ಬ. ಅವನನ್ನು ಬೈದು ಪ್ರಯೋಜನವಿಲ್ಲ.

೬. ಪ್ರಯೋಗ

ನಮ್ಮ ಬೀದಿಯಲ್ಲಿ ಒಬ್ಬರು ಢೋಲಕ್ ಮೇಷ್ಟ್ರಿದ್ದಾರೆ. ಒಂದು ಕಾಲದಲ್ಲಿ ರೆಕಾರ್ಡಿಂಗಿಗೆ ಅವರನ್ನು ಬೆಳಿಗ್ಗೆಯೇ ಕರೆಸುತ್ತಿದ್ದರು; ತಬಲಾ, ಘಟ, ಖಂಜಿರ, ಮೋರ್ಚಿಂಗಿನವರೂ ಅದೇ ಕೋಣೆಯಲ್ಲಿ ಕೂರುತ್ತಿದ್ದರು. ಈಗ ಕರೆ ಬರುವುದಿಲ್ಲ. ಒಂದು ಸಂಜೆ ಅವರನ್ನು ಅಳಿಯನ ಕೋಣೆಗೆ ಕರೆತಂದೆ. ಮೇಷ್ಟ್ರು ಮೇಜಿನ ಮೇಲೆ ತಕಿಟ ತಕಧಿಮಿ ಬಾರಿಸಿದರು. ಮೂರು, ನಾಲ್ಕು: ಮಿಶ್ರಛಾಪು. ಭಾಮಿನಿ ಷಟ್ಪದಿಯ ನಡಿಗೆಯೂ ಇದೇ. ಮೂರು ನಾಲ್ಕು ಮೂರು ನಾಲ್ಕು, ಚಿಕ್ಕ ಸಾಲಿಗೆ ಹದಿನಾಲ್ಕು ಮಾತ್ರೆ. ಗದುಗಿನ ಭಾರತ ಇದರ ಮೇಲೆ ನಿಂತಿದೆ.

ಅಳಿಯ ಸಾಲನ್ನು ಹದಿನಾಲ್ಕಕ್ಕೆ ಇಳಿಸಿದ. ಹಾಗೆ ಇಳಿಸಬಹುದೆಂದು ಅವನು ಹುಡುಕಿಕೊಂಡದ್ದು ಅವತ್ತೇ. ಒಂದು, ನಾಲ್ಕು, ಎಂಟು, ಹನ್ನೊಂದು ಒತ್ತಿದ.

"ಮೇಷ್ಟ್ರೇ, ಬಂತು!"

"ಬಂತಪ್ಪ. ಕೂತಿಲ್ಲ."

ಯಾಕೆ ಕೂರಲಿಲ್ಲ? ನಿಮಿಷಕ್ಕೆ 120 ಬೀಟ್ ಇಟ್ಟರೆ ಒಂದೊಂದು ಚೌಕಕ್ಕೂ 125 ಮಿಲಿಸೆಕೆಂಡ್. ಕೂದಲೆಳೆ ಆಚೀಚೆ ಇಲ್ಲ. ಸ್ವಿಂಗ್ ಎಂಬ ಗುಂಡಿಯಿದೆ. ಎರಡು ಚೌಕಕ್ಕೊಂದನ್ನು ತುಸು ತಡವಾಗಿಸುತ್ತದೆ, ಆದರೆ ಪ್ರತಿ ಸುತ್ತಿಗೂ ಒಂದೇ ಅಳತೆಯ ತಡ. ಹ್ಯೂಮನೈಸ್ ಎಂಬ ಇನ್ನೊಂದಿದೆ. ಅದು ಕಾಲವನ್ನೂ ಒತ್ತನ್ನೂ ಕವಡೆ ಹಾಕಿದಂತೆ ಅಲ್ಲಿಲ್ಲಿ ಕದಲಿಸುತ್ತದೆ. ಆ ಗುಂಡಿಯ ಹೆಸರನ್ನು ಓದಿದಾಗ ನನಗೆ ನಗು ಬರಲಿಲ್ಲ. ಮನುಷ್ಯ ಎಂದರೆ ಅಂದಾಜಿಲ್ಲದ ತಪ್ಪು ಎಂದು ತೀರ್ಮಾನಿಸಿ, ಮೊದಲು ಅವನನ್ನು ಕೋಣೆಯಿಂದ ಹೊರಗೆ ಕಳಿಸಿ, ಆಮೇಲೆ ಅವನ ತಪ್ಪನ್ನು ಗುಂಡಿಯಾಗಿ ಮಾಡಿ ಕೊಡುವುದೇ? ಮೇಷ್ಟ್ರ ಕೈ ತಡವಾಗುವುದು ತಪ್ಪಲ್ಲ ಕಣ್ರೀ. ಹಾಡುವವಳು ಉಸಿರು ತೆಗೆದುಕೊಳ್ಳಲಿ ಎಂದು ಅವರು ಕಾಯುತ್ತಾರೆ. ಅವಳ ಉಸಿರು ಪಲ್ಲವಿಯಲ್ಲೊಂದು ಥರ, ಮೂರನೇ ಚರಣದ ಹೊತ್ತಿಗೆ ಇನ್ನೊಂದು ಥರ. ಅದಕ್ಕೆ ಚೌಕ ಇಲ್ಲ.

೭. ಉಪಸಂಹಾರ

ಯಂತ್ರವನ್ನು ದೂರಿ ಫಲವಿಲ್ಲ. 1982ರಲ್ಲಿ ಮುಂಬೈಯ ಚರಣ್‌ಜೀತ್ ಸಿಂಗ್ ಇದೇ 808 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ಆಗ ಕೇಳುವವರಿರಲಿಲ್ಲ, 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಕಿವಿ ಕೊಟ್ಟಿತು. ಹಾಸ್ಟೆಲ್ ಕೋಣೆಯಲ್ಲಿ ಕೂತು, ಸ್ಟುಡಿಯೊಗೆ ಕೊಡಲು ದುಡ್ಡಿಲ್ಲದೆ, ಚೌಕ ಒತ್ತಿ ಹಾಡು ಕಟ್ಟುವ ಹುಡುಗಿಯಿಂದ ಈ ಸಾಧನವನ್ನು ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ತಕರಾರು ಇರುವುದು 'ಹಾಗೇ ಬರುತ್ತೆ' ಎಂಬುದರ ಮೇಲೆ. ಹಾಗೇ ಬಂದದ್ದನ್ನು ಹಾಗೇ ಬಿಟ್ಟು ಬಿಟ್ಟೇ ನಮ್ಮ ಕಿವಿ ನಾಲ್ಕರಾಚೆ ಎಣಿಸುವುದನ್ನು ಮರೆಯುತ್ತಿದೆ.

ಆದ್ದರಿಂದ ಈ ಪ್ರಬಂಧದ ಫಲಿತಗಳು ಎರಡೇ. ಮುಂದಿನ ಸಲ ಸಾಲು ತೆರೆದಾಗ ಒಮ್ಮೆ ಹದಿನಾಲ್ಕು ಮಾಡಿ ನೋಡಿ, ಒಮ್ಮೆ ಹತ್ತು. ಆಮೇಲೆ ನಿಮ್ಮ ಬೀದಿಯ ಮೇಷ್ಟ್ರನ್ನು ಕರೆಯಿರಿ. ಬಸ್ ಚಾರ್ಜು ಕೊಟ್ಟರೆ ಸಾಕು ಎಂದಾರು. ಸಾಲದು. ಕೈಗೆ ತಕ್ಕ ಸಂಭಾವನೆ ಕೊಡಿ.