ಸಿಸ್ಟರ್ ಬಂದ್ರು!

ಬಸ್ಸು ಹೊರಡುವುದಕ್ಕೆ ಇನ್ನೂ ಐದು ನಿಮಿಷ ಇದೆ. ಐವತ್ತೈದು ದಾಟಿದ, ಮೀಸೆ ನರೆತ ಗಂಡಸೊಬ್ಬ ಕಿಟಕಿ ಪಕ್ಕದ ಸೀಟಿನಲ್ಲಿ ಕಾಲು ಚಾಚಿ, ಎಲೆಯಡಿಕೆ ಮೆಲ್ಲುತ್ತ ಲೋಕವನ್ನೆಲ್ಲ ಬೈಯುತ್ತಿದ್ದಾನೆ. ಅಂಥವನು ಇದ್ದಕ್ಕಿದ್ದಂತೆ ಎದ್ದು ನಿಂತು, ಷರಟಿನ ಮೇಲಿನ ಗುಂಡಿ ಹಾಕಿಕೊಂಡು, ಬಾಯಲ್ಲಿದ್ದುದನ್ನು ಗುಳಕ್ಕನೆ ನುಂಗಿಬಿಟ್ಟರೆ ನೀವು ತಿರುಗಿ ನೋಡಬೇಕಾದ್ದೇ ಇಲ್ಲ. ಕಾನ್ವೆಂಟಿನ ಸಿಸ್ಟರ್ ಬಸ್ಸು ಹತ್ತುತ್ತಿದ್ದಾರೆ.

ನೋಡಿದರೆ ಹೆದರುವಂಥದ್ದು ಏನೂ ಇಲ್ಲ. ಐದಡಿ ಎತ್ತರ, ತಲೆಗೆ ಮುಸುಕು, ಕೊರಳಲ್ಲಿ ಶಿಲುಬೆ, ಒಂದು ಕೈಯಲ್ಲಿ ಕರಿ ಕೊಡೆ, ಇನ್ನೊಂದರಲ್ಲಿ ಇಡೀ ಸ್ಕೂಲಿನ ಬೀಗದ ಕೈ ಗೊಂಚಲು. ದನಿಯೂ ದೊಡ್ಡದಲ್ಲ. ದೊಡ್ಡ ದನಿ ಬೇಕಾಗುವುದು, ಹೇಳಿದ್ದನ್ನು ಯಾರೂ ಕೇಳದಂಥವರಿಗೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂದು ಮೂರು ವ್ರತ ತೊಟ್ಟವರು ಇವರು. ಮೊದಲ ಎರಡರ ಬಗ್ಗೆ ಊರಿನಲ್ಲಿ ಯಾರದೂ ತಕರಾರಿಲ್ಲ. ಮೂರನೆಯದರಲ್ಲಿ ಮಾತ್ರ ಎಲ್ಲೋ ಲೆಕ್ಕ ತಪ್ಪಿದೆ. ವ್ರತ ತೊಟ್ಟವರು ಅವರು, ವಿಧೇಯರಾಗಿರುವವರು ನಾವು.

ಹುಟ್ಟಿದ್ದು ಮಂಗಳೂರಿನ ಆಚೆಗೋ ಈಚೆಗೋ, ತೆಂಗು ಅಡಕೆಗಳ ನಡುವಿನ ಹೆಂಚಿನ ಮನೆಯಲ್ಲಿ. ಮನೆ ತುಂಬ ಎಂಟೋ ಒಂಬತ್ತೋ ಮಕ್ಕಳು. ಒಬ್ಬ ಸೆಮಿನರಿಗೆ, ಇಬ್ಬರು ಬೊಂಬಾಯಿಗೆ, ಒಬ್ಬಳು ಕಾನ್ವೆಂಟಿಗೆ ಎನ್ನುವುದು ಆ ಕಾಲದ ಕೊಂಕಣಿ ಕ್ರೈಸ್ತರ ಎಷ್ಟೋ ಮನೆಗಳ ವಾಡಿಕೆ. ಎಸ್ಸೆಸ್ಸೆಲ್ಸಿ ಮುಗಿಸಿ ತಗಡಿನ ಟ್ರಂಕು ಹಿಡಿದು ಹೊರಟ ಹುಡುಗಿಗೆ ಅಮ್ಮ ಅಳುತ್ತಲೇ, ಬೇಡ ಅನ್ನಿಸಿದರೆ ಬಂದುಬಿಡು ಎಂದಿರುತ್ತಾಳೆ. ಬಂದುಬಿಡಲು ಅವಕಾಶವೂ ಧಾರಾಳ. ಚರ್ಚಿನ ಕಾನೂನು ಈ ವಿಷಯದಲ್ಲಿ ಬಲು ಎಚ್ಚರದ್ದು. ಕನಿಷ್ಠ ಹನ್ನೆರಡು ತಿಂಗಳು ನೊವಿಶಿಯೇಟ್ ಎಂಬ ತರಬೇತಿ ಆಗಬೇಕು. ಆಮೇಲೆ ತಾತ್ಕಾಲಿಕ ವ್ರತ, ಅದೂ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ. ಅಷ್ಟೂ ದಿನ ಯೋಚನೆ ಮಾಡಿ, ಇನ್ನೂ ಇರಬೇಕು ಅನ್ನಿಸಿದರೆ ಮಾತ್ರ ನಿತ್ಯವ್ರತ. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ತಟ್ಟೆಯ ಉಪ್ಪಿಟ್ಟು ಮುಗಿಯುವುದರೊಳಗೆ ಜೀವಮಾನದ ತೀರ್ಮಾನ ಮಾಡಿ, ಕೇಸರಿಬಾತಿನ ಹೊತ್ತಿಗೆ ಮುಹೂರ್ತಕ್ಕೆ ಬಂದಿರುತ್ತಾರೆ.

ಸಿಸ್ಟರ್ ನಿಜವಾಗಿ ವಿಧೇಯರಾಗುವುದನ್ನು ನೋಡಬೇಕಾದರೆ ಟ್ರಾನ್ಸ್‌ಫರ್ ಸಮಯದಲ್ಲಿ ನೋಡಬೇಕು. ನಮ್ಮ ಸರ್ಕಾರಿ ಮೇಷ್ಟ್ರುಗಳಿಗೆ ವರ್ಗಾವಣೆಯೆಂದರೆ ಎ ವಲಯ, ಸಿ ವಲಯ, ಗಂಡ ಹೆಂಡತಿ ಪ್ರಕರಣ, ಕೌನ್ಸೆಲಿಂಗು, ಕೊನೆಗೆ ಶಾಸಕರ ಮನೆ ಜಗಲಿ. ಸಿಸ್ಟರಿಗೆ ಬರುವುದು ಅವರ ಸಭೆಯ ಪ್ರಾಂತದ ಮುಖ್ಯಸ್ಥೆ, ಅಂದರೆ ಪ್ರೊವಿನ್ಶಿಯಲ್, ಬರೆದ ನಾಲ್ಕು ಸಾಲಿನ ಕಾಗದ. ಹದಿನೈದು ವರ್ಷ ನೀರು ಹಾಕಿ ಬೆಳೆಸಿದ ಗುಲಾಬಿ ಗಿಡ, ಕೈಯಾರೆ ಕಟ್ಟಿಸಿದ ಸ್ಟೇಜು, ಇನ್ನೇನು ಎಸ್ಸೆಸ್ಸೆಲ್ಸಿಗೆ ಬರಬೇಕಾದ ಬ್ಯಾಚು, ಎಲ್ಲ ಬಿಟ್ಟು ಅದೇ ಟ್ರಂಕು ಹಿಡಿದು ಬಸ್ಸು ಹತ್ತುತ್ತಾರೆ. ಊರಿನವರು ಪ್ರೊವಿನ್ಶಿಯಲ್‌ಗೆ ಮನವಿ ಕೊಡುತ್ತೇವೆಂದು ಹೊರಟರೆ, "ಅದೆಲ್ಲ ಎಂತದು ಬೇಡ. ನೀವು ಹೊಸ ಸಿಸ್ಟರಿನ ಮಾತು ಕೇಳಿದರೆ ಸಾಕು" ಎಂದು ಅಲ್ಲಿಯೂ ಆಜ್ಞೆ.

ಈ ವಂಶ ಸಣ್ಣದಲ್ಲ. 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಮದರ್ ವೆರೋನಿಕಾ ಶುರು ಮಾಡಿದ ಅಪೋಸ್ತೊಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು ಮಂಗಳೂರಿಗೆ ಬಂದಿಳಿದದ್ದು 1870ರಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಂದರೆ ರೈಲು ಬರುವುದಕ್ಕೆ ಮೂವತ್ತೇಳು ವರ್ಷ ಮೊದಲೇ ಬಂದು, ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ಶುರು ಮಾಡಿದವರು ಇವರು. 1921ರಲ್ಲಿ ಇದೇ ಸಭೆಯವರು ಸೇಂಟ್ ಆಗ್ನೆಸ್ ಕಾಲೇಜು ತೆರೆದು ಹುಡುಗಿಯರನ್ನು ಡಿಗ್ರಿಗೆ ಎಳೆದರು. ಅದೇ ವರ್ಷ, ಮಂಗಳೂರಿನ ಬೆಂದೂರಿನಲ್ಲಿ, ರೇಮಂಡ್ ಮಸ್ಕರೇನ್ಹಸ್ ಎಂಬ ಪಾದ್ರಿಗಳು ಊರಿನ ನಾಲ್ವರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಬೆಥನಿ ಸಭೆ ಕಟ್ಟಿದರು. ಹೆಣ್ಣುಮಕ್ಕಳಿಗೆ ಯಾಕೆ ಓದು ಎಂದು ಊರೆಲ್ಲ ಕೇಳುತ್ತಿದ್ದ ಕಾಲ ಅದು. ಸಿಸ್ಟರುಗಳು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ, ಬೆಲ್ ಹೊಡೆದರು.

ಆ ಬೆಲ್ಲಿನ ಸದ್ದು ಘಟ್ಟ ಹತ್ತಿ ಚಿಕ್ಕಮಗಳೂರು, ಹಾಸನ, ತುಮಕೂರಿನತ್ತ ಬಂದಾಗ ಅದರ ಜೊತೆ ಮಂಗಳೂರು ಕನ್ನಡವೂ ಬಂತು. "ಬತ್ತೀನಿ, ಹೋಯ್ತೀನಿ" ಎನ್ನುವ ಮಕ್ಕಳ ಎದುರು ಸಿಸ್ಟರ್ ನಿಂತು "ನಿಂಗೆ ಹೋಂವರ್ಕ್ ಮಾಡ್ಲಿಕ್ಕೆ ಎಂತ ಆಗಿದೆ ಮಾರಾಯ?" ಎಂದರೆ, ಪ್ರಶ್ನೆ ಅರ್ಥವಾಗುವುದರೊಳಗೆ ಕಿವಿ ಅವರ ಕೈಯಲ್ಲಿರುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಬಯಲುಸೀಮೆಯ ಗೌಡರ ಮಗ ಮನೆಯಲ್ಲಿ "ಅಮ್ಮಾ, ಸಾರು ಉಂಟಾ?" ಎಂದು ಕೇಳಿ ಅಜ್ಜಿಯನ್ನು ಕಂಗಾಲು ಮಾಡುತ್ತಿದ್ದ. ಆದರೆ ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ ಹಾಕುತ್ತಿದ್ದ ಕಾನ್ವೆಂಟುಗಳೂ ಇದ್ದವು. ಜೇಬಿನಲ್ಲಿ ಕಡಲೆಮಿಠಾಯಿಗೆ ಇಟ್ಟುಕೊಂಡ ನಾಲ್ಕಾಣೆ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ದಂಡ ಹಾಕಿದ ಸಿಸ್ಟರೇ ಮಧ್ಯಾಹ್ನ ಕನ್ನಡದಲ್ಲಿ ಬೈದದ್ದಕ್ಕೆ ಅವರಿಂದ ಯಾರೂ ನಾಲ್ಕಾಣೆ ವಸೂಲು ಮಾಡಲಿಲ್ಲ ಎಂಬುದು ನನ್ನ ಇನ್ನೊಂದು ತಕರಾರು.

ಸಿಸ್ಟರಿನ ಪೂರ್ಣಾವತಾರ ನೋಡಬೇಕಾದರೆ ಅಡ್ಮಿಷನ್ ತಿಂಗಳಲ್ಲಿ ಹೋಗಬೇಕು. ಆಫೀಸಿನ ಹೊರಗೆ ಬೆಂಚಿನ ಮೇಲೆ ಊರಿನ ಗಣ್ಯರೆಲ್ಲ ಸಾಲಾಗಿ ಕೂತಿರುತ್ತಾರೆ. ಸಾಹುಕಾರರು, ಡಾಕ್ಟರು, ಜೇಬಿನಲ್ಲಿ ಶಾಸಕರ ಪತ್ರ ಇಟ್ಟುಕೊಂಡವರು. ಆ ಪತ್ರವನ್ನು ಸಿಸ್ಟರ್ ಓದಿ, ಕೆಂಪು ಪೆನ್ನಿನಲ್ಲಿ ಎರಡು ಸ್ಪೆಲ್ಲಿಂಗ್ ತಿದ್ದಿ, ವಾಪಸು ಕೊಡುತ್ತಾರೆ. ಇವರ ನಡುವೆ ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರೊಬ್ಬರು ಯೂನಿಫಾರಮ್ಮಿನಲ್ಲೇ ಬಂದಿದ್ದಾರೆ. ಇದೇ ಸ್ಕೂಲಿನ ಹಳೇ ಹುಡುಗ, ಈಗ ಮಗಳ ಎಲ್‌ಕೆಜಿಗೆ ಫಾರಮ್ ತುಂಬಿ ತಂದಿದ್ದಾರೆ. ಸಿಸ್ಟರ್ ಫಾರಮ್ಮನ್ನು ಕಣ್ಣಿನ ಹತ್ತಿರ ಹಿಡಿದರು.

"ನಿನ್ನ ಎಫ್ ಇನ್ನೂ ಕೆಳಗಿನ ಗೆರೆ ಮುಟ್ಟಲಿಲ್ಲ."

"ಇದರಲ್ಲಿ ಗೆರೆ ಇಲ್ಲ ಸಿಸ್ಟರ್."

"ಗೆರೆ ಇಲ್ಲದಿದ್ದರೆ ಎಂತ ಆಯ್ತು? ನಾಲ್ಕೂ ಗೆರೆ ಮುಟ್ಟುವ ಅಕ್ಷರ ಎಫ್ ಒಂದೇ ಅಂತ ಮೂರನೇ ಕ್ಲಾಸಿನಲ್ಲಿ ಹೇಳ್ಲಿಲ್ವಾ ನಾನು?"

"ಹೇಳಿದ್ರಿ ಸಿಸ್ಟರ್."

"ತಗೋ. ಒಂದು ಸಾಲು ಬರಿ."

ಮೂರು ಸ್ಟೇಷನ್ನಿನ ರೌಡಿಗಳು ಹೆಸರು ಕೇಳಿದರೆ ನಡುಗುವ ಮನುಷ್ಯ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲಗೆ ಕಚ್ಚಿ ಹಿಡಿದು ಎಫ್ ಬರೆಯತೊಡಗಿದರು. ಕಿಟಕಿಯಾಚೆ ನಿಂತಿದ್ದ ಅವರ ಡ್ರೈವರ್ ಇದನ್ನು ಕಂಡು ಮೀಸೆಯಡಿ ನಕ್ಕ. ಸಿಸ್ಟರ್ ತಲೆಯೆತ್ತದೆ, "ಹೊರಗಿನವನನ್ನೂ ಕರೆ. ಅವನದ್ದೂ ನೋಡುವ" ಎಂದರು. ಸೀಟು ಸಿಕ್ಕಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ಎಫ್ ಸರಿಯಾಯಿತು.

ಬಡತನದ ವ್ರತವನ್ನು ಸಿಸ್ಟರ್ ಬಡವರಿಗಿಂತ ನಿಷ್ಠೆಯಿಂದ ಪಾಲಿಸುತ್ತಾರೆ. ಮೋಟು ಸೀಮೆಸುಣ್ಣಗಳು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಜಮೆಯಾಗುತ್ತವೆ. ಬಂದ ಲಕೋಟೆ ಬಿಚ್ಚಿ, ಒಳಮೈ ಹೊರಗೆ ಮಾಡಿ ಅಂಟಿಸಿದರೆ ಹೊಸ ಲಕೋಟೆ. ಹೋದ ವರ್ಷದ ಕ್ರಿಸ್ಮಸ್ ಕಾರ್ಡಿನ ಚಿತ್ರ ಕತ್ತರಿಸಿದರೆ ಈ ವರ್ಷದ ಬಹುಮಾನ. ಟೀಚರ್ಸ್ ಡೇ ದಿನ ಬಂದ ಸೋಪು, ಟವೆಲ್ಲು, ಪೆನ್ನುಗಳೆಲ್ಲ ಸಂಜೆಯೊಳಗೆ ಆಯಾಗಳ ಚೀಲ ಸೇರಿರುತ್ತವೆ. ಫೀಸು ಕಟ್ಟಲಾಗದ ಮಗುವಿನ ಹೆಸರಿನ ಮುಂದೆ 'ಪಾವತಿಯಾಗಿದೆ' ಎಂದು ಬಿದ್ದಿರುತ್ತದಲ್ಲ, ಅದನ್ನು ಕಟ್ಟಿದವರು ಯಾರೆಂದು ಕೇಳಿದರೆ ಮಾತ್ರ ಸಿಸ್ಟರಿಗೆ ಕಿವಿ ಮಂದ.

ಈ ಬಡತನ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ಅನುದಾನಿತ ಶಾಲೆಗಳಲ್ಲಿ ಸಿಸ್ಟರುಗಳಿಗೆ ಬರುವ ಸರ್ಕಾರಿ ಸಂಬಳ ಬಂದ ಹಾಗೆಯೇ ಅವರ ಸಭೆಗೆ ಹೋಗುತ್ತದೆ. ಅದರಲ್ಲಿ ಟಿಡಿಎಸ್ ಹಿಡಿಯಬಾರದು ಎಂದು ತಮಿಳುನಾಡು, ಕೇರಳದ ಕ್ಯಾಥೊಲಿಕ್ ಸಂಸ್ಥೆಗಳು ವಾದಿಸಿದವು. ವ್ರತ ತೊಟ್ಟವರು ಆಸ್ತಿ ಹಣದ ಮಟ್ಟಿಗೆ ಲೋಕಕ್ಕೆ ಸತ್ತಂತೆ ಎಂದು ಚರ್ಚಿನ ಕಾನೂನು ಹೇಳುತ್ತದೆ, ಸತ್ತವರಿಗೆ ಎಲ್ಲಿಯ ಆದಾಯ ತೆರಿಗೆ ಎಂಬುದು ವಾದ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪದೆ, ಸಂಬಳ ಬಂದ ಮೇಲೆ ತೆರಿಗೆಯೂ ಹಿಡಿಯಬೇಕಾದ್ದೇ, ಆಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಟ್ಟುಕೊಳ್ಳಲಿ ಎಂದಿತು. ತೀರ್ಪಿನ ಸೂಕ್ಷ್ಮ ವಕೀಲರಿಗೆ ಗೊತ್ತು. ಸಿಸ್ಟರ್ ಲೋಕಕ್ಕೆ ಸತ್ತಿದ್ದಾರೆ ಎಂಬ ವಾದ ಮಾತ್ರ ಎಂಟನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ.

ಮಕ್ಕಳನ್ನು ಕಾಡುವ ಪ್ರಶ್ನೆಗಳು ಬೇರೆಯೇ. ಸಿಸ್ಟರ್ ಊಟ ಮಾಡ್ತಾರಾ? ರಾತ್ರಿ ಮಲಗುವಾಗಲೂ ಮುಸುಕು ಇರುತ್ತಾ? ಒಳಗೆ ಕೂದಲು ಉಂಟಾ ಇಲ್ವಾ? ಕೊನೆಯದರ ಮೇಲೆ ಪೆನ್ಸಿಲ್ಲು, ರಬ್ಬರು ಪಣಕ್ಕಿಟ್ಟು ಸೋತವರಿದ್ದಾರೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಸನ್ಯಾಸಿನಿಯರ ಉಡುಪು ಸರಳವಾಗಿರಲಿ, ಕಾಲಕ್ಕೂ ಸ್ಥಳಕ್ಕೂ ಕೆಲಸಕ್ಕೂ ಒಗ್ಗುವಂತಿರಲಿ ಎಂದಿತು. ಕಾಲಿನವರೆಗೆ ಇಳಿಯುತ್ತಿದ್ದ ನಿಲುವಂಗಿ ಬಿಟ್ಟು ನಮ್ಮಲ್ಲಿ ಎಷ್ಟೋ ಸಿಸ್ಟರುಗಳು ಸೀರೆಗೆ ಬಂದರು, ಮುಸುಕು ಎರಡು ಬೆರಳು ಹಿಂದೆ ಸರಿಯಿತು. ಹಣೆಯ ಮೇಲೆ ಬೆಳ್ಳಿಯ ಒಂದೆಳೆ ಕಂಡ ದಿನ ಇಡೀ ನಾಲ್ಕನೇ ಕ್ಲಾಸು ಇಂಟರ್ವಲ್ಲಿನಲ್ಲಿ ಬೇರೆ ಮಾತೇ ಆಡಲಿಲ್ಲವಂತೆ. ರೋಮಿನಲ್ಲಿ ಅಷ್ಟೊಂದು ಬಿಷಪ್ಪುಗಳು ಕೂತು ಮಾಡಿದ ತೀರ್ಮಾನಗಳಲ್ಲಿ ಮಕ್ಕಳವರೆಗೆ ಮುಟ್ಟಿದ್ದು ಇದೊಂದೇ ಇರಬೇಕು.

ಬೆತ್ತದ ಕತೆ ಬೇಗ ಮುಗಿಸುತ್ತೇನೆ. ತಿಂದವರು ಈಗ ನಗುತ್ತ ಹೇಳಿಕೊಳ್ಳುತ್ತಾರೆ, ಆಗ ಯಾರೂ ನಗುತ್ತಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಅದನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಸಿಸ್ಟರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದರ ಮೇಲಿನಿಂದ ನೋಡುವುದನ್ನು ಯಾವ ಕಾಯಿದೆಯೂ ನಿಷೇಧಿಸಿಲ್ಲ.

ಅರವತ್ತಕ್ಕೆ ನಿವೃತ್ತಿ ಎಂದು ಸರ್ಕಾರ ಹೇಳುತ್ತದೆ. ಶನಿವಾರ ಹಾರ, ಶಾಲು, ಭಾಷಣ, ಅಳು ಎಲ್ಲ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ನೋಡಿದರೆ ಸಿಸ್ಟರ್ ಗೇಟಿನಲ್ಲಿ ನಿಂತಿದ್ದಾರೆ. ಎಪ್ಪತ್ತಕ್ಕೆ ಲೈಬ್ರರಿಯಲ್ಲಿ ಹರಿದ ಪುಸ್ತಕಕ್ಕೆ ಗೋಂದು ಹಚ್ಚುತ್ತಾರೆ. ಎಪ್ಪತ್ತೈದಕ್ಕೆ ಕಾನ್ವೆಂಟಿನ ಕೋಳಿಗಳ ಉಸ್ತುವಾರಿ. ಆ ಕೋಳಿಗಳು ಕೂಡ ಲೈನಿನಲ್ಲೇ ಗೂಡು ಸೇರುತ್ತವೆ ಎಂದು ಊರಿನಲ್ಲಿ ಮಾತಿದೆ, ನಾನು ನೋಡಿಲ್ಲ, ಆದರೆ ನಂಬುತ್ತೇನೆ. ವ್ರತ ತೊಟ್ಟು ಇಪ್ಪತ್ತೈದು ವರ್ಷಕ್ಕೆ ಬೆಳ್ಳಿ, ಐವತ್ತಕ್ಕೆ ಚಿನ್ನ, ಅರವತ್ತಕ್ಕೆ ವಜ್ರ ಮಹೋತ್ಸವ. ಜೀವಮಾನದಲ್ಲಿ ಮೈಮೇಲೆ ಗುಂಜಿ ಬಂಗಾರ ಹಾಕದವರಿಗೆ ಈ ಒಡವೆಗಳೆಲ್ಲ ಆಮಂತ್ರಣ ಪತ್ರಿಕೆಯಲ್ಲೇ ಬರುತ್ತವೆ. ಅದರಲ್ಲಿಯೂ ಅವರು ಮೊದಲು ನೋಡುವುದು ಅಚ್ಚಿನ ತಪ್ಪು.

ಈಗ ಮಂಗಳೂರಿನ ಮನೆಗಳಲ್ಲಿ ಇರುವುದೇ ಒಂದೋ ಎರಡೋ ಮಕ್ಕಳು. ಒಬ್ಬ ದುಬೈಗೆ, ಇನ್ನೊಬ್ಬಳು ಕೆನಡಾಕ್ಕೆ. ಕಾನ್ವೆಂಟಿಗೆ ಬರುವ ಹೊಸ ಹುಡುಗಿಯರಲ್ಲಿ ಜಾರ್ಖಂಡ್, ಒಡಿಶಾ, ಈಶಾನ್ಯದ ಬೆಟ್ಟಗಳ ಕಡೆಯವರು ಹೆಚ್ಚುತ್ತಿದ್ದಾರೆ. ಅವರಿಗೆ ಕನ್ನಡ ಕಲಿಸುವ ಕೆಲಸ ಎಂಬತ್ತು ದಾಟಿದ ಸಿಸ್ಟರಿಗೆ ಬಿದ್ದಿದೆ. ಮಧ್ಯಾಹ್ನ ವೆರಾಂಡದಲ್ಲಿ ಪಾಠ ನಡೆಯುತ್ತದೆ. "ಅನ್ನ ಉಂಟು. ಸಾರು ಉಂಟು. ಪುರುಸೊತ್ತು ಇಲ್ಲ." ರಾಂಚಿಯ ಕಡೆಯ ಹುಡುಗಿ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಕನ್ನಡಕ್ಕೆ ನಾಲ್ಕಾಣೆ ದಂಡ ಹಾಕಿದ್ದರ ಪ್ರಾಯಶ್ಚಿತ್ತ ಹೀಗಾದರೂ ಆಗುತ್ತಿದೆಯಲ್ಲ ಎಂದು ನನಗೆ ಒಳಗೊಳಗೇ ಖುಷಿ.

ನಿಮ್ಮೂರಿನ ಕಾನ್ವೆಂಟಿನ ಹಿಂಬದಿಯಲ್ಲಿಯೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಒಂದು ಭಾನುವಾರ ಹೋಗಿ ನೋಡಿ ಬನ್ನಿ. ಶಾಲು ಒಯ್ಯಬೇಡಿ, ಅದು ಆಯಾ ಪಾಲಾಗುತ್ತದೆ. ಹಣ್ಣು ಒಯ್ದರೆ ಒಂದು ಡಜನ್ ಜಾಸ್ತಿಯೇ ಇರಲಿ, ಹಂಚುತ್ತಾರೆ. ನಾಲ್ಕು ಗಂಟೆಗೆ ಹೋದರೆ ಚಹಾ ಸಿಗುತ್ತದೆ. ಕತ್ತಲಾಗುವವರೆಗೆ ಕೂತರೆ ತೇರ್ಸ್‌ಗೂ, ಅಂದರೆ ಜಪಮಾಲೆ ಪ್ರಾರ್ಥನೆಗೂ, ಕೂರಿಸುತ್ತಾರೆ, ನೀವು ಯಾವ ಜಾತಿಯವರಾದರೂ ಸರಿ. ನಿಮ್ಮ ಹೆಸರು ಅವರಿಗೆ ಮರೆತಿರಬಹುದು, ಅಕ್ಷರ ಹೇಗಿತ್ತೆಂದು ಮರೆತಿರುವುದಿಲ್ಲ. ಹೊರಡುವ ಮುಂಚೆ ಉಗುರು ಕತ್ತರಿಸಿಕೊಳ್ಳಿ. ನೋಡುತ್ತಾರೆ.